ತಾಯವ್ವ ಪಿಸ್ತೂಲು ಬಿಡಿಸಿ ತಂದದ್ದು

ಗಂಡ ಶಟ್ಟೆಪ್ಪ ಸತ್ತ ಮೂರನೇ ತಿಂಗಳಿಗೆ ಸಂಗೊಳ್ಳಿಯ ತಾಯವ್ವ ಓಣಿಗೆಲ್ಲ ಕೇಳುವಂತೆ ಶಪಥ ಮಾಡಿದಳು. ಅವನು ಸತ್ತ ಮೇಲೆ ಕಾಯದೆಯಂತೆ ಒಪ್ಪಿಸಿದ್ದ ಅವನ ಪಿಸ್ತೂಲನ್ನು ಪೊಲೀಸ್ ಠಾಣೆಯ ಕಪಾಟಿನಲ್ಲಿ ಬಿಡುವುದಿಲ್ಲ, ಲೈಸೆನ್ಸು ತನ್ನ ಹೆಸರಿಗೆ ಮಾಡಿಸಿ ಮನೆಗೆ ತಂದೇ ತರುತ್ತಾಳೆ! ಅದಕ್ಕೆ ಗುರಿ ಹೊಡೆಯುವ ಪರೀಕ್ಷೆ ಪಾಸಾಗಬೇಕಿತ್ತು. ಹತ್ತು ಗುಂಡಿನಲ್ಲಿ ಆರು ಕರಿ ವರ್ತುಲದೊಳಗೆ ಬೀಳಬೇಕು. ಅದೇನು ಮಹಾ? ಓಡುವ ನಾಯಿಗೆ ತಾನು ಎಸೆದ ಕಟ್ಟಿಗೆ ಇವತ್ತಿಗೂ ತಪ್ಪಿಲ್ಲ ಎಂದು ಸೊಸೆ ಪ್ರಜ್ಞಾಳಿಗೆ ಹೇಳಿ ಬಸ್ಸು ಹತ್ತಿದಳು.

ಬೈಲಹೊಂಗಲದಾಚೆ ಗುಡ್ಡದ ಬುಡದಲ್ಲಿ ತರಬೇತಿ. ಕಲಿಸುವವರು ನಿವೃತ್ತ ಸೈನಿಕ ಖಾಸಿಮಸಾಬರು. ಮೊದಲ ದಿನ ತಾಯವ್ವನ ಹತ್ತು ಗುಂಡಿನಲ್ಲಿ ಒಂದೂ ಗುರಿಯ ಕಾಗದ ಮುಟ್ಟಲಿಲ್ಲ. ಹತ್ತೂ ಅದರ ಕೆಳಗಿನ ಮಣ್ಣಿಗೆ ಇಳಿದವು. ಖಾಸಿಮಸಾಬರು ಕಾಗದದ ಕಡೆ ನೋಡಲೇ ಇಲ್ಲ, ಅವಳ ಬೆರಳನ್ನೇ ನೋಡುತ್ತಿದ್ದರು.

"ಅಕ್ಕಾರ, ನೀವು ಟ್ರಿಗರ್ ಒತ್ತಾಕ ಹತ್ತಿಲ್ರಿ. ರೊಟ್ಟಿ ಬಡ್ಯಾಕ ಹತ್ತೀರಿ."

ನಲವತ್ತು ವರ್ಷ ಜೋಳದ ರೊಟ್ಟಿ ಬಡಿದ ಕೈ. ಟ್ರಿಗರ್ ಮುಟ್ಟಿದ್ದೇ ತಡ, ಹಿಟ್ಟು ಕಂಡಂತೆ ಪಟ್ಟನೆ ಬಡಿಯುತ್ತಿತ್ತು, ಪಿಸ್ತೂಲಿನ ಮೂತಿ ನೆಲ ನೋಡುತ್ತಿತ್ತು. ಮೆಲ್ಲಗೆ ಒತ್ತಬೇಕು, ಗುಂಡು ಹಾರಿದಾಗ ಹಾರಿಸಿದವರೇ ಬೆಚ್ಚಬೇಕು ಎಂದು ಸಾಬರು ತಿಳಿಹೇಳಿದರು.

ಮೆಲ್ಲಗೆ ಒತ್ತುವುದು ತಾಯವ್ವನಿಗೆ ಗೊತ್ತಿಲ್ಲದ ವಿದ್ಯೆಯೇ? ದಿನಾ ಎರಡು ಹೊತ್ತು ಎಮ್ಮೆ ಹಿಂಡುವವಳು. ಮರುದಿನ ಹಾಗೇ ಹದವಾಗಿ ಹಿಂಡಿದಳು. ಐದೂ ಬೆರಳು ಸೇರಿ ಹಿಡಿಕೆಯನ್ನೇ ಹಿಂಡಿದವು, ಗುಂಡುಗಳು ಎಡಕ್ಕೆ ವಾಲಿ ಪಕ್ಕದವರ ಕಾಗದದಲ್ಲಿ ಹೋಗಿ ಕೂತವು. ಪಕ್ಕದಲ್ಲಿದ್ದ ವಕೀಲರಿಗೆ ಹತ್ತಕ್ಕೆ ಹನ್ನೆರಡು ಬಂತು!

"ಎಷ್ಟ ಹಿಂಡಿದ್ರೂ ಇದು ಹಾಲು ಕೊಡೂದಿಲ್ರಿ," ಅಂದರು ಸಾಬರು. "ಉಳಿದ ಬೆರಳು ಹಿಡೀಬೇಕು, ಒಂದ ಬೆರಳು ನಡೀಬೇಕು."

ಅಂದೇ ತಾಯವ್ವ ವ್ರತ ಹಿಡಿದಳು. ಪರೀಕ್ಷೆಯವರೆಗೆ ಎಂಟು ದಿನ ರೊಟ್ಟಿ ಬಡಿಯುವುದಿಲ್ಲ, ಎಮ್ಮೆ ಹಿಂಡುವುದಿಲ್ಲ. ಕೈ ಹಳೆಯದನ್ನೆಲ್ಲ ಮರೆಯಬೇಕು. ಪಿಸ್ತೂಲಿನಾಕಾರದ ಗ್ಯಾಸ್ ಲೈಟರಿನ ಮೇಲೆ ರೂಪಾಯಿ ಇಟ್ಟು, ಅದು ಬೀಳದಂತೆ ಒತ್ತುತ್ತ ಪಡಸಾಲೆಯಲ್ಲಿ ಕೂತಳು. ಸೊಸೆಗೆ ಒಲೆ ಹೊತ್ತಿಸಲು ಕಡ್ಡಿಪೆಟ್ಟಿಗೆಯೇ ಗತಿಯಾಯಿತು. ಬ್ಯಾಂಕಿನ ಕೆಲಸದ ಆ ಹುಡುಗಿ ಬಡಿದ ರೊಟ್ಟಿ ಹಂಚಿಗೆ ಹೋಗುವ ಮೊದಲೇ ಮೂರು ತುಂಡು. ಎಮ್ಮೆಗೂ ಹೊಸ ಕೈ ಒಗ್ಗಲಿಲ್ಲ. ಮೊದಲ ದಿನ ಬಕೆಟ್ ಒದೆಯಿತು, ಎರಡನೇ ದಿನ ಪ್ರಜ್ಞಾಳನ್ನು, ಮೂರನೇ ದಿನ ಸಹಾಯಕ್ಕೆ ಬಂದ ನೆರೆಮನೆಯ ಕರೆವ್ವನನ್ನು. ನಾಲ್ಕನೇ ದಿನ ಕರುವನ್ನೇ ಬಿಟ್ಟರು. ಕರು ದುಂಡಗಾಯಿತು, ಮನೆಯ ಚಹಾ ಕರ್ರಗಾಯಿತು.

"ಅತ್ತೀ, ಪಿಸ್ತೂಲು ಮನಿಗೆ ಬರೂದ್ರಾಗ ಮನ್ಯಾಗ ಮಂದಿ ಉಳೀಬೇಕಲ್ಲ," ಅಂದಳು ಪ್ರಜ್ಞಾ.

"ಮಾತಾಡಸಬ್ಯಾಡ. ರೂಪಾಯಿ ಬೀಳ್ತೈತಿ."

ಪರೀಕ್ಷೆಯ ದಿನ ತಾಯವ್ವ ಉಸಿರನ್ನು ಅರ್ಧ ಬಿಟ್ಟು, ಅರ್ಧ ಹಿಡಿದು, ಒಂದೇ ಬೆರಳನ್ನು ಇರುವೆಯಂತೆ ನಡೆಸಿದಳು. ಪ್ರತಿ ಗುಂಡಿಗೂ ತಾನೇ ಬೆಚ್ಚಿಬಿದ್ದಳು. ಏಳು ವರ್ತುಲದೊಳಗೆ!

ಕೆಲವು ವಾರಕ್ಕೆ ಲೈಸೆನ್ಸೂ ಬಂತು. ಅತ್ತೆ-ಸೊಸೆ ಠಾಣೆಯಿಂದ ಪಿಸ್ತೂಲು ಬಿಡಿಸಿಕೊಂಡು, ಒಮ್ಮೆ ನೋಡಿಕೊಡಿರೆಂದು ನೆಟ್ಟಗೆ ಖಾಸಿಮಸಾಬರ ಬಳಿ ಹೋದರು. ಸಾಬರು ಅದನ್ನು ಚರ್ಮದ ಚೀಲದಿಂದ ತೆಗೆದು, ತಿರುವಿ ನೋಡಿ, ಮೂತಿ ಮಣ್ಣಿಗೆ ಮಾಡಿ ಟ್ರಿಗರ್ ಒತ್ತಿದರು. ಅಲುಗಲಿಲ್ಲ. ಎರಡು ಬೆರಳು ಹಾಕಿದರು. ಊಹೂಂ.

"ಅಕ್ಕಾರ, ಕಂಪನಿಯವರು ಹಚ್ಚಿದ ಗ್ರೀಸ್ ಹಂಗ ಒಣಗಿ ಕಲ್ಲಾಗೈತ್ರಿ. ತಂದಾಗಿಂದ ಇದು ಒಂದ ಗುಂಡೂ ಹಾರಿಸಿಲ್ಲ."

ತಾಯವ್ವ ನಿಂತಲ್ಲೇ ಕೂತಳು. ಇಪ್ಪತ್ತು ವರ್ಷ, ಜೋಳ ತೆನೆಗಟ್ಟುವ ಹೊತ್ತಿಗೆ, ಶಟ್ಟೆಪ್ಪ ಹೊಲದಿಂದ ಬಂದವನೇ, ಹಂದಿ ಬೆದರಿಸಲು ಗುಂಡು ಹಾರಿಸಿ ಹಾರಿಸಿ ರಟ್ಟೆ ಹಿಡಿದಿದೆ ಎಂದು ಗೋಡೆಗೆ ಒರಗುತ್ತಿದ್ದ. ಔಡಲ ಎಣ್ಣೆ ಬಿಸಿ ಮಾಡಿ ತಿಕ್ಕಿದವಳು ಇವಳು. ಇನ್ನೊಂಚೂರು ಮೇಲೆ ತಿಕ್ಕು ಎನ್ನುತ್ತ ಅವನು ಕಣ್ಣು ಮುಚ್ಚುತ್ತಿದ್ದ.

ಪ್ರಜ್ಞಾ ನಗು ತಡೆಯಲಾರದೆ ಆಚೆ ತಿರುಗಿದಳು. ತಾಯವ್ವನಿಗೂ ನಗು ಬಂತು, ಅದರ ಬೆನ್ನಿಗೇ ಕಣ್ಣೀರೂ ಬಂತು. ಎರಡನ್ನೂ ಒಂದೇ ಸೆರಗಿನಿಂದ ಒರೆಸಿಕೊಂಡು, ಪಿಸ್ತೂಲನ್ನು ತೊಡೆಯ ಮೇಲೆ ಇಟ್ಟುಕೊಂಡಳು.

"ಅಷ್ಟೂ ಎಣ್ಣಿ ಇದಕ್ಕ ಹಚ್ಚಬೇಕಿತ್ತು ನೋಡ್ರಿ," ಅಂದಳು.