ನೂರಾ ನಲವತ್ತನಾಲ್ಕು ನುಸಿಗುಳಿಗೆ

ಐದು ವರ್ಷ ಅರ್ಜಿ ಹಾಕಿ ಹಾಕಿ ಸವೆದ ಮೇಲೆ ದಫ್ತರಣ್ಣನಿಗೆ ಹೆಂಡತಿ ಇರುವ ಊರಿಗೆ ವರ್ಗವಾಗಿತ್ತು. ಮರುದಿನ ಬೆಳಿಗ್ಗೆ ಅಲ್ಲಿ ಹಾಜರಾಗದಿದ್ದರೆ ಆ ಜಾಗ ಬೇರೆಯವರ ಪಾಲು. ಸಂಜೆ ಐದರ ಬಸ್ಸಿಗೆ ಸೀಟು ಹಿಡಿದಾಗಿತ್ತು, ಹಾಸಿಗೆ ಸುತ್ತಿ ಕಚೇರಿಗೇ ತಂದಿಟ್ಟಾಗಿತ್ತು. ಉಳಿದದ್ದು ಕಚೇರಿಯ ಉಗ್ರಾಣದಿಂದ ಒಂದು ರುಜು ಮಾತ್ರ. ಆ ರುಜುವಿಗೆ ಅಡ್ಡ ಬಂದದ್ದು, ಕಡತಕ್ಕೆ ಹುಳ ಹತ್ತದಿರಲೆಂದು ಇಡುವ ನುಸಿಗುಳಿಗೆ.

ಆ ಕಚೇರಿಯಲ್ಲೊಂದು ನಿಯಮವಿತ್ತು. ಉಗ್ರಾಣದಿಂದ ಪಡೆದ ವಸ್ತು ಯಾವ ಸ್ಥಿತಿಯಲ್ಲೇ ಇರಲಿ, ಹೋಗುವಾಗ ಉಗ್ರಾಣಕ್ಕೇ ಮರಳಿಸಬೇಕು. ಕಸಬರಿಗೆ ಸವೆದರೆ ಅದರ ಹಿಡಿ, ಬಲ್ಬು ಸುಟ್ಟರೆ ಅದರ ಬುರುಡೆ. ಕಡತಗಳ ಕೋಣೆಯ ಗುಮಾಸ್ತನಾದ ದಫ್ತರಣ್ಣ ಮೂರು ಕಾಲಿನ ಕುರ್ಚಿ, ಅದರ ನಾಲ್ಕನೆಯ ಕಾಲು, ಕೀಲಿ ಕಳೆದ ಬೀಗ, ಎಲ್ಲವನ್ನೂ ಬೆಳಿಗ್ಗೆಯೇ ಹೊತ್ತು ತಂದು ಸಾಲಾಗಿ ಜೋಡಿಸಿದ್ದ. ಉಗ್ರಾಣದ ಮೇಡಂ ಒಂದೊಂದಕ್ಕೂ ಗುರುತು ಹಾಕುತ್ತ ಬಂದು ಕೊನೆಯ ಸಾಲಿನಲ್ಲಿ ನಿಂತರು.

“ನುಸಿಗುಳಿಗೆ, ನೂರಾ ನಲವತ್ನಾಲ್ಕು. ಎಲ್ಲಿ?”

ಕಡತಗಳ ನಡುವೆ ಇಟ್ಟಿದ್ದೆ, ಕರಗಿಹೋದವು ಎಂದ ದಫ್ತರಣ್ಣ.

“ಕರಗಿದ್ರೆ ಕಡತ ಒದ್ದೆ ಆಗ್ಬೇಕಿತ್ತಲ್ಲ?”

ಮೇಡಂ ಮಾತಿನಲ್ಲಿ ನ್ಯಾಯವಿತ್ತು. ಬೆಣ್ಣೆ ಕರಗಿದರೆ ಜಿಡ್ಡು ಉಳಿಯುತ್ತದೆ, ಮಂಜುಗಡ್ಡೆ ಕರಗಿದರೆ ನೀರು ಉಳಿಯುತ್ತದೆ. ಇಲ್ಲಿ ಕಾಗದದ ಮೇಲೆ ಒಂದು ಕಲೆಯೂ ಇರಲಿಲ್ಲ. ಆನೆ ದಾಟಿತು, ಬಾಲ ಸಿಕ್ಕಿಕೊಂಡಿತು ಅನ್ನುವ ಸ್ಥಿತಿ ದಫ್ತರಣ್ಣನದು.

ಸುದ್ದಿ ಕಚೇರಿಯ ಮೂಲೆಮೂಲೆಗೂ ಹಬ್ಬಿತು. ಟೈಪಿಸ್ಟ್ ಬಂದು, ಇಲಿ ತಿಂದಿರಬೇಕು ಎಂದರು. ನಾನಿರುವಾಗ ಇಲ್ಲಿ ಇಲಿ ಹೇಗೆ ಬಂದೀತು ಎಂದು ಕಾವಲುಗಾರ ಮುನಿಸಿಕೊಂಡು, ತನ್ನ ಮಾನ ಉಳಿಸಿಕೊಳ್ಳಲು ದಫ್ತರಣ್ಣನ ಹಾಸಿಗೆಯನ್ನೇ ಬಿಚ್ಚಿ ಝಾಡಿಸಿದ. ಅದರಿಂದ ಉದುರಿದ್ದು ಒಂದು ಬಾಚಣಿಗೆ. ಅಷ್ಟರಲ್ಲಿ ಹೊತ್ತು ಹನ್ನೆರಡಾಗಿತ್ತು.

ದಫ್ತರಣ್ಣನಿಗೆ ಅಳುವೇ ಬಂತು. ಹೆಂಡತಿಗೆ ಫೋನು ಮಾಡಿದ. ಆಕೆ ಶಾಲೆಯಲ್ಲಿ ವಿಜ್ಞಾನ ಕಲಿಸುವವಳು.

“ಅವು ಕರಗಿಲ್ಲ ರೀ,” ಎಂದಳು. “ಗಟ್ಟಿಯಾಗಿರೋದು ನೀರಾಗದೇನೇ ಸೀದಾ ಆವಿ ಆಗ್ಬಿಡುತ್ತೆ. ತಣ್ಣಗಿರೋದು ಏನಾದ್ರೂ ಸಿಕ್ಕಿದ್ರೆ ಆ ಆವಿ ಮತ್ತೆ ಗಟ್ಟಿ ಆಗುತ್ತೆ. ನಿಮ್ಮ ಸಾಹೇಬ್ರ ಮುಂದೇನೇ ಮಾಡಿ ತೋರ್ಸಿ.”

ಐದು ವರ್ಷ ಆ ಗುಳಿಗೆಗಳು ಬಟಾಣಿಯಾಗಿ, ಸಾಸಿವೆಯಾಗಿ, ಇಲ್ಲವಾಗುವುದನ್ನು ಅವನು ನೋಡಿದ್ದ. ಎಲ್ಲಿಗೆ ಹೋಗುತ್ತವೆ ಎಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ. ಈಗ ಬಸ್ಸಿನ ಚಿಂತೆಯ ನಡುವೆಯೂ ಅವನಿಗೆ ಕುತೂಹಲ ಹುಟ್ಟಿತು.

ಸಾಹೇಬರಿಗೆ ಅದಕ್ಕಿಂತ ಹೆಚ್ಚು ಕುತೂಹಲ. ಊಟದ ಡಬ್ಬಿ ಮುಚ್ಚಿಟ್ಟು, ತಮ್ಮ ಮೇಜನ್ನೇ ಬಿಟ್ಟುಕೊಟ್ಟರು. ಮೇಡಂ ನಾಲ್ಕು ಹೊಸ ಗುಳಿಗೆ ಕೊಟ್ಟರು, ಅದಕ್ಕೂ ರುಜು ಹಾಕಿಸಿಕೊಂಡೇ ಕೊಟ್ಟರು. ಚಹಾದ ಅಕ್ಕ ಬಿಸಿನೀರಿನ ಬೋಗುಣಿ ತಂದಳು, ಇದರ ನಾತ ಬಡಿದ ಪಾತ್ರೆ ತನಗೆ ವಾಪಸು ಬೇಡವೆಂದೂ ಹೇಳಿದಳು. ಬೋಗುಣಿಯೊಳಗೆ ಒಂದು ಲೋಟ, ಲೋಟದ ತಳದಲ್ಲಿ ಪುಡಿ ಮಾಡಿದ ಗುಳಿಗೆ, ಲೋಟದ ಬಾಯಿಗೆ ತಣ್ಣೀರು ತುಂಬಿದ ಬಟ್ಟಲು. ಇಡೀ ಕಚೇರಿ ಮೇಜಿನ ಸುತ್ತ ಕತ್ತು ಚಾಚಿ ನಿಂತಿತು. ನೀರು ಆರಿದಂತೆಲ್ಲ ಅಕ್ಕ ಬಿಸಿನೀರು ಬದಲಾಯಿಸಿದಳು.

ಮೂರೂವರೆಗೆ ದಫ್ತರಣ್ಣ ಬಟ್ಟಲನ್ನೆತ್ತಿದ. ಅದರ ಅಡಿಯಲ್ಲಿ ಬೆಳ್ಳಗೆ, ತೆಳ್ಳಗೆ, ಮಿರಮಿರ ಮಿಂಚುವ ಎಸಳುಗಳು ಅಂಟಿಕೊಂಡಿದ್ದವು. ಕಾವಲುಗಾರ ಒಂದನ್ನು ಉಗುರಿನಿಂದ ಮುಟ್ಟಿ ಕೈ ಹಿಂದೆಳೆದುಕೊಂಡ. ಮೇಡಂ ಎಸಳುಗಳನ್ನು ಕೆರೆದು ಲಕೋಟೆಗೆ ತುಂಬಿ, ಮೇಲೆ ‘ನಾಲ್ಕರ ಬಾಬ್ತು’ ಎಂದು ಬರೆದುಕೊಂಡರು. ದಫ್ತರಣ್ಣನಿಗೆ ಹೆಂಡತಿಯ ಮೇಲೆ ಹಿಂದೆಂದೂ ಇಲ್ಲದಷ್ಟು ಪ್ರೀತಿ ಉಕ್ಕಿತು.

“ಅಂದ್ರೆ ಇದನ್ನ ಯಾರೂ ಕದ್ದಿಲ್ಲ,” ಎಂದರು ಸಾಹೇಬರು ಸಂತೋಷದಿಂದ. “ಎಲ್ಲಾ ಆ ಕೋಣೆ ಗಾಳಿಲೇ ಇತ್ತು.”

“ಹೌದು ಸಾರ್.”

“ಕಿಟಕಿಯಿಂದ ಹೊರಗೆ ಹೋಗಿರಬಹುದಲ್ಲ?”

ದಫ್ತರಣ್ಣ ಎದೆಯುಬ್ಬಿಸಿದ. ಧೂಳು ಬೀಳುತ್ತದೆಂದು ಐದು ವರ್ಷದಲ್ಲಿ ಒಮ್ಮೆಯೂ ಕಿಟಕಿ ತೆರೆದಿಲ್ಲ, ಬಾಗಿಲನ್ನೂ ಬಿಗಿಯಾಗಿ ಮುಚ್ಚಿಕೊಂಡೇ ಕೆಲಸ ಮಾಡಿದ್ದೇನೆ ಎಂದ.

“ಒಳ್ಳೇದು. ಆ ಕೋಣೆಲಿ ಇನ್ಯಾರು ಕೂತ್ಕೋತಿದ್ರು?”

“ನಾನೊಬ್ನೇ ಸಾರ್.”

ಸಾಹೇಬರು ಕೊಂಚ ಹೊತ್ತು ಅವನ ಮೂಗನ್ನೇ ನೋಡಿದರು. ಆಮೇಲೆ ನಿಧಾನವಾಗಿ ಪೆನ್ನೆತ್ತಿಕೊಂಡು ಬರೆದರು:

‘ಕಚೇರಿಗೆ ಸೇರಿದ ನೂರಾ ನಲವತ್ತನಾಲ್ಕು ನುಸಿಗುಳಿಗೆಗಳನ್ನು ಸದರಿ ನೌಕರರು ಐದು ವರ್ಷಗಳ ಅವಧಿಯಲ್ಲಿ, ಬೇರೆ ಯಾರಿಗೂ ಅವಕಾಶ ಕೊಡದೆ, ತಾವೊಬ್ಬರೇ ಉಸಿರಾಡಿ ಮುಗಿಸಿರುವುದು ಅವರ ಹೇಳಿಕೆಯಿಂದಲೇ ಸಾಬೀತಾಗಿದೆ. ವಿಚಾರಣೆ ಮುಗಿಯುವವರೆಗೆ ಅವರನ್ನು ಬಿಡುಗಡೆ ಮಾಡತಕ್ಕದ್ದಲ್ಲ.’

ಓದಿ ಮುಗಿಸಿದ ದಫ್ತರಣ್ಣ ನಿಟ್ಟುಸಿರು ಬಿಡಹೋದ. ಮೇಡಂ ಲಕೋಟೆಯ ಬಾಯಿ ತೆರೆದು ಹಿಡಿದುಕೊಂಡು ತನ್ನನ್ನೇ ನೋಡುತ್ತಿರುವುದು ಕಂಡು, ಆ ಉಸಿರನ್ನು ಅರ್ಧಕ್ಕೇ ನುಂಗಿಕೊಂಡ.