ಟೈಲರನ ವಾಪಸ್ ಟಿಕೆಟ್ಟು

ಆ ದಿನ ಬೆಳಿಗ್ಗೆ ಪಕ್ಕದ ಅಂಗಡಿಯ ಇಸ್ತ್ರಿಯವನು ಬಾಯಿ ಮುಚ್ಚಿಕೊಂಡು ಇಸ್ತ್ರಿ ಮಾಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಟೈಲರ್ ಹಡಗು ಹತ್ತಲು ಹೊರಟಿದ್ದ. ಕಡಲಿನ ಆಚೆ ದಡ ಬೇರೆ ದೇಶ. ಇಲ್ಲಿ ತಿಂಡಿ ತಿಂದು ಹತ್ತಿದರೆ ಅಲ್ಲಿ ಇಳಿದು ಊಟ ಮಾಡಬಹುದು, ಅಷ್ಟೇ ದೂರ. ಅಲ್ಲಿಗೆ ಮದುವೆಯಾಗಿ ಹೋಗಿದ್ದ ಅವನ ಅಕ್ಕನಿಗೆ ಮಂಡಿ ಆಪರೇಷನ್ ಆಗಿತ್ತು. ಭಾವ ಕೆಲಸದ ಮೇಲೆ ಎಲ್ಲೋ ದೂರ ಹೋಗಿದ್ದರು. ತಾಯಿಯಿಲ್ಲದ ಮನೆಯಲ್ಲಿ ಟೈಲರನ ಬೆರಳು ಹಿಡಿದು ನಡೆಯಲು ಕಲಿಸಿದವಳು ಆ ಅಕ್ಕ. “ಪುಟ್ಟಾ, ನಂಗೆ ನಡೆಯೋದೇ ಮರೆತುಹೋಗಿದೆ ಕಣೋ, ಬಂದು ಕಲಿಸ್ಕೊಡು” ಎಂದು ಫೋನಿನಲ್ಲಿ ನಕ್ಕಿದ್ದಳು. ನಗುವಿನ ಕೊನೆಗೆ ಅವಳ ದನಿ ಒಡೆದಿತ್ತು. ಕೋಲಿಲ್ಲದೆ ನಡೆಯುವವರೆಗೂ ನಿನ್ನ ಜೊತೆಗಿರುತ್ತೇನೆ ಎಂದು ಟೈಲರ್ ಮಾತು ಕೊಟ್ಟಿದ್ದ.

ಮಾತೇನೋ ಕೊಟ್ಟಿದ್ದ. ಆದರೆ ಅವನಷ್ಟು ಪುಕ್ಕಲ ಆ ಬೀದಿಯಲ್ಲೇ ಇರಲಿಲ್ಲ. ಪೊಲೀಸರು ಪ್ಯಾಂಟು ಹೊಲಿಸಲು ಬಂದರೆ ಟೇಪು ಹಿಡಿದ ಕೈ ನಡುಗಿ ಅವರ ಸೊಂಟ ಇದ್ದದ್ದಕ್ಕಿಂತ ದಪ್ಪವಾಗಿಬಿಡುತ್ತಿತ್ತು.

“ಹೋಗೋ ಟಿಕೆಟ್ ತಗೊಂಡಿದ್ದೀಯ, ಸರಿ. ಬರೋ ಟಿಕೆಟ್ ಎಲ್ಲಿ?” ಎಂದ ಇಸ್ತ್ರಿಯವನು.

“ಅಕ್ಕ ಯಾವಾಗ ನಡೀತಾಳೋ ಗೊತ್ತಿಲ್ವಲ್ಲ. ಬರೋವಾಗ ಅಲ್ಲೇ ತಗೋತೀನಿ.”

ಇಸ್ತ್ರಿಯವನು ಪೆಟ್ಟಿಗೆಯನ್ನು ಬದಿಗಿಟ್ಟ. “ಕೆಟ್ಟೆ ಹೋಗು! ವಾಪಸ್ ಟಿಕೆಟ್ ಇಲ್ಲದೋನು ವಾಪಸ್ಸೇ ಹೋಗಲ್ಲ ಅಂತ ಅಲ್ಲಿನ ಆಫೀಸರ್‌ಗಳ ಲೆಕ್ಕ. ಹಿಡಿದು ಒಂದು ರೂಮಿಗೆ ಹಾಕ್ತಾರೆ. ಕಿಟಕಿನೂ ಇರಲ್ವಂತೆ.”

“ಯಾರು ಹೇಳಿದ್ರು?”

“ನನ್ನ ಷಡ್ಕನ ಗೆಳೆಯನಿಗೆ ಹಂಗೇ ಆಯ್ತು. ಪಾಪ, ಇವತ್ತಿಗೂ ಚಳಿಗಾಲದಲ್ಲೂ ಕಿಟಕಿ ತೆಗೆದೇ ಮಲಗ್ತಾನೆ.”

ಟೈಲರ್ ಜೇಬಿನ ಟಿಕೆಟ್ಟನ್ನು ತೆಗೆದು ತಿರುಗಿಸಿ ನೋಡಿದ. ಬ್ಯಾಗು ತಂದುಕೊಟ್ಟ ಹೆಂಡತಿ ವಿಷಯ ಕೇಳಿ ಹಣೆ ಚಚ್ಚಿಕೊಂಡಳು. “ಈ ಮನುಷ್ಯ ಹಡಗನ್ನ ಕ್ಯಾಲೆಂಡರಲ್ಲಿ ಬಿಟ್ರೆ ಬೇರೆಲ್ಲೂ ನೋಡಿಲ್ಲ. ಬಂದರಿನಲ್ಲಿ ಆಫೀಸರನ್ನೇ ಕೇಳಬಾರದಾ?”

“ಕೇಳಿದ್ರೆ ಅನುಮಾನ ಬರುತ್ತಲ್ಲೇ!” ಎಂದ ಟೈಲರ್.

ಬಂದರು ಮುಟ್ಟಿದವನೇ ಕೌಂಟರಿಗೆ ಓಡಿ, ಒಂದು ತಿಂಗಳು ಕಳೆದು ಬರುವ ಹಡಗಿಗೆ ವಾಪಸ್ ಟಿಕೆಟ್ಟು ಕೊಂಡ. ಜೀವ ಬಂದಂತಾಯಿತು. ಆದರೆ ಹಡಗು ಹತ್ತುವ ಸಾಲಿನಲ್ಲಿ ಅವನ ಮುಂದೆ ನಿಂತಿದ್ದವರು, ಶಾಲೆಯಲ್ಲಿ ಅವನಿಗೆ ಡ್ರಿಲ್ ಹೇಳಿಕೊಟ್ಟ ಮೇಷ್ಟ್ರು. ರಿಟೈರಾಗಿ ಎಷ್ಟೋ ಕಾಲವಾದರೂ ಅವರ ಗಂಟಲು ರಿಟೈರಾಗಿರಲಿಲ್ಲ. ಆಚೆ ದಡದಲ್ಲಿದ್ದ ಮಗಳ ಮನೆಗೆ ಹೊರಟಿದ್ದವರು ಟೈಲರನ ಕತೆಯನ್ನೆಲ್ಲ ಕೇಳಿದರು.

“ಎಲ್ಲಿ, ತೋರಿಸು ಟಿಕೆಟ್ಟು. ಒಂದು ತಿಂಗಳಾ? ಲೋ, ತಲೆ ಇದೆಯಾ ನಿಂಗೆ? ಕೆಲಸ ಬಲ್ಲ ಆಸಾಮಿ ಒಂದು ತಿಂಗಳು ಇರ್ತೀನಿ ಅಂದ್ರೆ ಏನರ್ಥ? ಅಲ್ಲೇ ಕದ್ದುಮುಚ್ಚಿ ಮಿಷನ್ ಹಾಕ್ಕೊಂಡು ಹೊಲೀತಾನೆ ಅಂತ!”

“ಅಯ್ಯೋ! ಮತ್ತೇನು ಮಾಡ್ಲಿ ಸಾರ್?”

“ಒಂದು ವಾರಕ್ಕೆ ಮಾಡ್ಸು. ಟಿಕೆಟ್ಟು ತೋರಿಸೋಕೆ ತಾನೆ? ಒಳಗೆ ಹೋದ್ಮೇಲೆ ಯಾರು ನೋಡ್ತಾರೆ? ಹೂಂ, ಓಡು!”

ಮೇಷ್ಟ್ರು ಓಡು ಎಂದರೆ ಓಡುವುದು ಟೈಲರನ ಕಾಲಿಗೆ ಚಿಕ್ಕಂದಿನಿಂದಲೂ ಅಭ್ಯಾಸ. ಓಡಿದ. ತಿಂಗಳು ವಾರವಾಯಿತು. ಕೌಂಟರಿನ ಹುಡುಗಿ ಕನ್ನಡಕದ ಮೇಲಿಂದ ನೋಡಿದಳು. ಅವಳಿಗೂ ಅನುಮಾನ ಬಂತೆಂದು ಟೈಲರ್ ಇನ್ನಷ್ಟು ಬೆವೆತ.

ಹಡಗು ಹೊರಟಿತು. ಕಣ್ಣು ಮುಚ್ಚಿದರೆ ಕಿಟಕಿಯಿಲ್ಲದ ರೂಮು, ತೆರೆದರೆ ಮೇಷ್ಟ್ರು. ಅವರು ಅವನ ಬ್ಯಾಗನ್ನೇ ದಿಟ್ಟಿಸುತ್ತಿದ್ದರು.

“ಏನಿದೆ ಅದರಲ್ಲಿ?”

“ಅಕ್ಕನಿಗೆ ನಾಲ್ಕೈದು ನೈಟಿ ಹೊಲಿದಿದ್ದೀನಿ ಸಾರ್. ಮಂಡಿಗೆ ಬ್ಯಾಂಡೇಜ್ ಇದೆಯಲ್ಲ, ಅದಕ್ಕೇ ಸ್ವಲ್ಪ ಅಗಲವಾಗಿ.”

“ಹೊಸ ಬಟ್ಟೆ! ಮುಗೀತು. ಮಾರೋಕೆ ತಂದಿದ್ದಾನೆ ಅಂತಾರೆ. ಒಂದು ವಾರದಲ್ಲಿ ಊರೆಲ್ಲಾ ಮಾರಿಬಿಡಬಹುದು ನೋಡು.” ಮೇಷ್ಟ್ರು ಗಲ್ಲ ಕೆರೆದುಕೊಂಡರು. “ಇವತ್ತು ಸಂಜೆ ಹಡಗಿಗೇ ವಾಪಸ್ ಅಂತ ಮಾಡ್ಸು. ಸಂಜೆ ಹೋಗೋನ ಮೇಲೆ ಯಾರಿಗೂ ಅನುಮಾನ ಬರಲ್ಲ. ಅಲ್ಲಿ ಗೇಟು ದಾಟಿದ್ಮೇಲೆ ಹರಿದು ಬಿಸಾಕು!”

ಹಡಗಿನಲ್ಲೂ ಒಂದು ಟಿಕೆಟ್ ಕಿಟಕಿ ಇದ್ದದ್ದು ಟೈಲರನ ಗ್ರಹಚಾರ. ವಾರ ಹೋಗಿ ಸಂಜೆಯಾಯಿತು.

ಆಚೆ ದಡದಲ್ಲಿ ಎರಡು ಸಾಲು. ಮೇಷ್ಟ್ರು ಒಂದರಲ್ಲಿ, ಟೈಲರ್ ಇನ್ನೊಂದರಲ್ಲಿ. ಗಾಜಿನ ಹಿಂದೆ ಕೂತಿದ್ದ ಅಧಿಕಾರಿಗೆ ಬಿಳಿ ಮೀಸೆ, ನಿದ್ದೆಗಣ್ಣು. ಅವರು ಬಾಯಿ ತೆರೆಯುವ ಮೊದಲೇ ಟೈಲರ್ ಪಾಸ್‌ಪೋರ್ಟಿನ ಜೊತೆ ಟಿಕೆಟ್ಟನ್ನೂ ತೂರಿಸಿದ.

“ಇದೇನು, ಇವತ್ತು ಸಂಜೆಗೇ ಹೋಗ್ತೀರಾ?”

“ಹೂಂ ಸಾರ್. ಸಂಜೆಗೇ. ಖಂಡಿತ.”

“ಯಾರನ್ನ ನೋಡೋಕೆ ಬಂದಿದ್ದು?”

“ಅಕ್ಕನ್ನ ಸಾರ್. ಮಂಡಿ ಆಪರೇಷನ್ ಆಗಿದೆ.”

“ಪಾಪ. ಹಾಗಾದ್ರೆ ನಾಲ್ಕು ದಿನ ಇದ್ದು ಹೋಗಬಾರದೇನ್ರೀ?”

ಟೈಲರ್ ಗಾಜಿನಿಂದ ಹಿಂದೆ ಸರಿದ. ಇದೇ ಬಲೆ! ಇದಕ್ಕೆ ಹೂಂ ಎಂದರೆ ಸೀದಾ ಕಿಟಕಿಯಿಲ್ಲದ ರೂಮು. “ಅಯ್ಯೋ, ಬೇಡ ಸಾರ್! ನಿಮ್ಮ ದೇಶದಲ್ಲಿ ಒಂದು ರಾತ್ರಿನೂ ಇರಲ್ಲ. ನನ್ನ ಹೆಂಡ್ತಿ ಆಣೆಗೂ ಇರಲ್ಲ!”

“ನಿಮ್ಮಿಷ್ಟಪ್ಪ” ಎಂದು ಅಧಿಕಾರಿ ಏನೋ ಬರೆದು ಮುದ್ರೆ ಒತ್ತಿದರು.

ಗೆದ್ದೆ! ಟೈಲರ್ ಬಾಗಿಲಾಚೆ ಬಂದು ಟಿಕೆಟ್ಟನ್ನು ಹರಿಯಲು ಹೊರಟ. ಅಷ್ಟರಲ್ಲಿ ಮೇಷ್ಟ್ರು ನಗುತ್ತಾ ಬಂದರು. “ಮೂರು ತಿಂಗಳು ಇರೋಕೆ ಬರ್ಕೊಟ್ರು ಕಣೋ!”

“ನಿಮ್ಮ ವಾಪಸ್ ಟಿಕೆಟ್ ಯಾವತ್ತಿಗೆ ಸಾರ್?”

“ನನ್ನ ಹತ್ರ ಎಲ್ಲಿದೆ? ನನ್ನದೇ ಮರೆತಿದ್ದೆ. ಪುಣ್ಯಕ್ಕೆ ಯಾರೂ ಕೇಳ್ಲಿಲ್ಲ. ನಿಂದು ನೋಡು.”

ಟೈಲರ್ ನೋಡಿದ. ಮುದ್ರೆಯ ಕೆಳಗೆ ದುಂಡಗೆ ಬರೆದಿತ್ತು: ಇಂದು ಸಂಜೆಯವರೆಗೆ ಮಾತ್ರ.

ಓಡಿಹೋಗಿ ಗಾಜು ಬಡಿದ. “ಸಾರ್, ನಂಗೂ ಮೂರು ತಿಂಗಳು ಕೊಡಿ ಸಾರ್!”

“ಇಲ್ಲಿ ಯಾರಿಗೂ ವಾಪಸ್ ಟಿಕೆಟ್ ಕೇಳಲ್ಲ. ಎಲ್ಲರಿಗೂ ಮೂರು ತಿಂಗಳೇ ಕೊಡೋದು. ನೀವಾಗೇ ತೋರಿಸಿದ್ರಿ, ಆಣೆ ಬೇರೆ ಹಾಕಿದ್ರಿ. ಏನು ಕೆಲಸ ನಿಮ್ಮದು?”

“ಟೈಲರ್ ಸಾರ್.”

“ಬಟ್ಟೆ ಕತ್ತರಿಸಿದ ಮೇಲೆ ಉದ್ದ ಮಾಡ್ತೀರಾ? ಇದೂ ಹಾಗೇ. ಬೇಕಾದ್ರೆ ನಾಳೆ ಮತ್ತೆ ಬನ್ನಿ.”

ಕಟಕಟೆಯಾಚೆ ಅಕ್ಕ ಕೋಲೂರಿಕೊಂಡು ನಿಂತಿದ್ದಳು. ಟ್ಯಾಕ್ಸಿಯಲ್ಲಿ ಒಬ್ಬಳೇ ಬಂದಿದ್ದಳು. ಎಷ್ಟು ಸೊರಗಿದ್ದಳೆಂದರೆ ಹೊಲಿದು ತಂದ ನೈಟಿಗಳನ್ನೆಲ್ಲ ಬಿಚ್ಚಿ ಚಿಕ್ಕದು ಮಾಡಬೇಕೆಂದು ಅವನ ಕಣ್ಣು ಅಳೆಯಿತು. ವಿಷಯ ಕೇಳಿ ಅವಳಿಗೆ ನಗು ಬಂತು, ಆಮೇಲೆ ಅಳು ಬಂತು. “ಚಿಕ್ಕಂದಿನಲ್ಲಿ ಕತ್ತಲೆಗೆ ಹೆದರ್ತಿದ್ದೆ. ಈಗ ಹಗಲಿಗೂ ಹೆದರ್ತೀಯಲ್ಲೋ ಪುಟ್ಟಾ.”

ಸಂಜೆಯ ಹಡಗಿನವರೆಗೆ ಇಬ್ಬರೂ ಬಂದರಿನ ಮೊಗಸಾಲೆಯಲ್ಲೇ ನಡೆಯುವುದು ಕಲಿತರು. ಬೆಂಚಿನಿಂದ ಟೀ ಅಂಗಡಿಗೆ, ಟೀ ಅಂಗಡಿಯಿಂದ ಬೆಂಚಿಗೆ. ಕೊನೆಯ ಸಲ ಅವಳು ಕೋಲು ಬಿಟ್ಟು ಅವನ ಬೆರಳೊಂದನ್ನೇ ಹಿಡಿದು ನಡೆದಳು. ಸೈರನ್ ಕೂಗಿದಾಗ ನೈಟಿಗಳ ಬ್ಯಾಗನ್ನು ಇಸಿದುಕೊಂಡು, “ನಾಳೆ ಬಾ. ಯಾರ ಮಾತೂ ಕೇಳ್ಬೇಡ, ಸೀದಾ ಬಾ. ಕಾಯ್ತಿರ್ತೀನಿ” ಎಂದಳು. ಟೈಲರನಿಗೆ ತನ್ನ ಮೇಲೆಯೇ ಕೆಟ್ಟ ಸಿಟ್ಟು ಬಂದು, ವಾಪಸ್ ದಾರಿಯುದ್ದಕ್ಕೂ ಹೆದರುವುದೇ ಮರೆತುಹೋಯಿತು.

ಮಾರನೆಯ ದಿನ ಬೆಳಿಗ್ಗೆ ಜೇಬಿನಲ್ಲಿ ಹೋಗುವ ಟಿಕೆಟ್ಟೊಂದನ್ನೇ ಇಟ್ಟುಕೊಂಡು, ಎದೆ ಸೆಟೆಸಿ, ಬರಿಗೈಯಲ್ಲಿ ಮನೆಯಿಂದ ಹೊರಬಿದ್ದ. ಇಸ್ತ್ರಿಯವನ ಮುಖ ಅರಳಿತು.

“ಬಂದೆಯಾ! ನೋಡಿದ್ಯಾ, ವಾಪಸ್ ಟಿಕೆಟ್ ಇದ್ದಿದ್ದಕ್ಕೇ ಸುಖವಾಗಿ ವಾಪಸ್ ಬಂದೆ. ನಾನು ಹೇಳ್ಲಿಲ್ವಾ?”

ಟೈಲರ್ ತಿರುಗಿಯೂ ನೋಡದೆ ನಡೆದ. “ಮತ್ತೆ ಹೊರಟಿದ್ದೀನಿ. ಮೂರು ತಿಂಗಳಿಗೆ.”

“ಮತ್ತೆನಾ?” ಇಸ್ತ್ರಿಯವನು ಪೆಟ್ಟಿಗೆಯನ್ನು ಬದಿಗಿಟ್ಟ. “ನಿನ್ನೆ ಬ್ಯಾಗ್ ತಗೊಂಡು ಹೋದೆ, ರಾತ್ರೋರಾತ್ರಿ ವಾಪಸ್ ಬಂದೆ, ಇವತ್ತು ಬರಿಗೈಲಿ ಮತ್ತೆ ಹೋಗ್ತಿದ್ದೀಯ. ಕೆಟ್ಟೆ ಹೋಗು! ಕಳ್ಳಸಾಗಣೆಯೋರಲ್ವೇನಯ್ಯಾ ಹಿಂಗೆ ಓಡಾಡೋದು?”

ಟೈಲರ್ ಇನ್ನೂ ನಾಲ್ಕು ಹೆಜ್ಜೆ ನಡೆದ. ಐದನೆಯದಕ್ಕೆ ಕಾಲು ನಿಂತಿತು.

“ಅವರನ್ನ ಹಾಕೋ ರೂಮಿಗೂ ಕಿಟಕಿ ಇರಲ್ವಾ?” ಎಂದು ಕೇಳಿದ.