ಒಂಬತ್ತು ಕಾಲೇಜು, ಒಂದು ಸಂಬಳ

ಹನ್ನೆರಡನೇ ಕ್ಲಾಸಿನ ಮಗುವಿರುವ ಮನೆಯಲ್ಲಿ ನಗುವಂಥ ಸಂಗತಿಗಳು ದಿನಾ ನಡೆಯುತ್ತಲೇ ಇರುತ್ತವೆ, ನಗುವುದಕ್ಕೆ ಮಾತ್ರ ಯಾರಿಗೂ ಪುರುಸೊತ್ತಿರುವುದಿಲ್ಲ. ನಾನು ಆಗ ದೋಹಾದ ಒಂದು ಕಟ್ಟಡ ಕಂಪನಿಯಲ್ಲಿ ಪರ್ಚೇಸ್ ಆಫೀಸರ್. ಸಿಮೆಂಟು, ಕಬ್ಬಿಣ, ನಲ್ಲಿ, ಪೈಪು ಎಲ್ಲದರಲ್ಲೂ ಚೌಕಾಸಿ ಮಾಡಿ ಹೆಸರಾದವನು. ಊರಿಗೆ ಊರೇ ಫುಟ್‌ಬಾಲ್ ವರ್ಲ್ಡ್ ಕಪ್ಪಿಗೆ ಸಿಂಗಾರವಾಗುತ್ತಿತ್ತು. ಮದೀನತ್ ಖಲೀಫಾ ಬಡಾವಣೆಯ ನಮ್ಮ ಮನೆಯಲ್ಲಿ ಮಾತ್ರ ಬೇರೆಯೇ ಚಿಂತೆ. ಮಗಳಿಗೆ ಇಂಡಿಯಾದಲ್ಲಿ ಆರ್ಕಿಟೆಕ್ಚರ್ ಓದಬೇಕು. ಸೀಟು ಸಿಗದಿದ್ದರೆ ಏನು ಗತಿ ಎಂದು ಹೆಂಡತಿಗೆ ಹೆದರಿಕೆ. ಸಿಕ್ಕಿಬಿಟ್ಟರೆ ಏನು ಗತಿ ಎಂದು ನನಗೆ.

ಇಪ್ಪತ್ತೆರಡು

ಒಂದು ಶುಕ್ರವಾರ ಎಣ್ಣೆ ಬಾವಿಗಳ ಊರಾದ ದುಖಾನಿನಿಂದ ನನ್ನ ಸ್ನೇಹಿತರೊಬ್ಬರು ಮಗನನ್ನು ಕರೆದುಕೊಂಡು ಊಟಕ್ಕೆ ಬಂದರು. ಉಡುಪಿ ಕಡೆಯವರು, ಎಣ್ಣೆ ಕಂಪನಿಯಲ್ಲಿ ಕೆಲಸ. ಅವರ ಮಗನೂ ಹನ್ನೆರಡನೇ ಕ್ಲಾಸೇ.

"ನಿಮ್ಮ ಮಗಳು ಎಷ್ಟು ಕಡೆ ಅರ್ಜಿ ಹಾಕಿದ್ದಾಳೆ?" ಎಂದು ಕೇಳಿದರು.

"ನಾಲ್ಕು."

ಅವರು ತುತ್ತು ಕೈಯಲ್ಲೇ ಹಿಡಿದು ನನ್ನ ಮುಖ ನೋಡಿದರು. "ನಾಲ್ಕಾ? ಎಂತ ಮಾರಾಯ್ರೆ, ನಾವು ಇಪ್ಪತ್ತೆರಡು ಹಾಕಿದ್ದೇವೆ! ಒಂದು ತಪ್ಪಿದರೆ ಒಂದು ಬೇಕಲ್ಲ."

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ಹೆಂಡತಿ ಬಾಗಿಲಿಗೆ ಬಂದು ನನ್ನನ್ನು ನೋಡಿದ ರೀತಿಗೆ ಹಪ್ಪಳ ಬಿಟ್ಟು ಲ್ಯಾಪ್‌ಟಾಪ್ ತರಲು ಎದ್ದೆ. ಅವರು ಹೊರಡುವ ಹೊತ್ತಿಗೆ ನಮ್ಮ ನಾಲ್ಕು ಒಂಬತ್ತಾಗಿತ್ತು. ಅರ್ಜಿ ಹಾಕಲಿಕ್ಕೇ ಒಂದೊಂದಕ್ಕೂ ಬೇರೆ ಫೀಸು, ಕೊಟ್ಟದ್ದು ವಾಪಸ್ ಇಲ್ಲ.

ಕಾರಿನ ತನಕ ಹೋಗಿ ಹುಡುಗನ ಹೆಗಲ ಮೇಲೆ ಕೈಯಿಟ್ಟು ಕೇಳಿದೆ: "ಇಪ್ಪತ್ತೆರಡರಲ್ಲಿ ನಿನಗೆ ತುಂಬಾ ಇಷ್ಟವಾದ ಕಾಲೇಜು ಯಾವುದಪ್ಪ?"

"ಗೊತ್ತಿಲ್ಲ ಅಂಕಲ್. ಓದಬೇಕಾದ್ದು ಏನೂಂತ ಪಪ್ಪ ಇನ್ನೂ ಹೇಳಲಿಲ್ಲ."

ಅಮ್ಮನ ಪ್ರಶ್ನೆ

ಮೈಸೂರಿನಿಂದ ಅಮ್ಮ ಫೋನು ಮಾಡಿದಾಗ ಒಂಬತ್ತು ಕಾಲೇಜಿನ ವಿಷಯ ಬಾಯ್ತಪ್ಪಿ ಹೇಳಿಬಿಟ್ಟೆ.

"ಒಂಬತ್ತಾ? ಅಷ್ಟೂ ಓದಿ ಮುಗಿಸೋದು ಯಾವಾಗ ಆ ಮಗು?"

"ಹಾಗಲ್ಲಮ್ಮ. ಒಂಬತ್ತಕ್ಕೂ ಅರ್ಜಿ ಹಾಕೋದು. ಸೇರೋದು ಒಂದಕ್ಕೇ."

"ಹಾಗಾದ್ರೆ ಇನ್ನೆಂಟಕ್ಕೆ ದುಡ್ಡು ಯಾಕೋ ಕೊಟ್ಟೆ?"

ಒಂದು ತಪ್ಪಿದರೆ ಒಂದು ಬೇಕಲ್ಲ ಎಂದು ಸ್ನೇಹಿತರ ಮಾತನ್ನೇ ಒಪ್ಪಿಸಿದೆ. ನನ್ನ ದನಿ ಕೇಳಿ ಅಮ್ಮನಿಗೇ ಪಾಪ ಅನ್ನಿಸಿರಬೇಕು, ಸಮಾಧಾನ ಮಾಡಲು ಹೊರಟರು. "ಇಷ್ಟೊಂದು ಹೆದರಬೇಡ ಕಣೋ. ನಿಮ್ಮಪ್ಪ ನಿನಗೋಸ್ಕರ ಒಂದೇ ಒಂದು ಕಾಲೇಜಿಗೆ ಅರ್ಜಿ ಹಾಕಿದ್ರು. ಸೀಟು ಸಿಗಲಿಲ್ವಾ? ಆಮೇಲೆ ನೀನು ಎರಡು ಸಲ ಫೇಲಾಗಿದ್ದು ಬೇರೆ ವಿಷಯ."

ಫೋನು ಸ್ಪೀಕರಿನಲ್ಲಿತ್ತು. ನಾನು ಫಸ್ಟ್ ಕ್ಲಾಸೆಂದು ಹದಿನೇಳು ವರ್ಷ ನಂಬಿದ್ದ ಮಗಳು ಪಕ್ಕದಲ್ಲೇ ಕೂತಿದ್ದಳು.

ಕಡೆಯ ರೇಟು

ಫೀಸಿನ ಪಟ್ಟಿಗಳು ಒಂದೊಂದಾಗಿ ಬಂದವು. ಯಾವುದೂ ನನ್ನ ಸಂಬಳಕ್ಕೆ ಹೊಂದುವಂತಿರಲಿಲ್ಲ. ಆದರೂ ನಾನು ಪರ್ಚೇಸಿನವನು, ಹೇಳಿದ ರೇಟಿಗೆ ಯಾವತ್ತೂ ಏನನ್ನೂ ತಂದವನಲ್ಲ. ಆಫೀಸಿನಲ್ಲಿ ಸಿಮೆಂಟಿನವರಿಗೂ ಪೈಪಿನವರಿಗೂ ಕಳಿಸುವ ಮೇಲ್ ಒಂದಿತ್ತು. ಅದನ್ನೇ ಅಲ್ಲಲ್ಲಿ ತಿದ್ದಿ, ನಿಮ್ಮ ಕಡೆಯ ರೇಟು ತಿಳಿಸಿ ಎಂದು ಒಂಬತ್ತು ಕಾಲೇಜಿಗೂ ಕಳಿಸಿದೆ.

ಎಂಟು ಕಾಲೇಜಿನವರು ಉತ್ತರವನ್ನೇ ಕೊಡಲಿಲ್ಲ. ಒಂಬತ್ತನೆಯದರಿಂದ ಬಂತು: "ಮಾನ್ಯರೇ, ಫೀಸು ಕಡಿಮೆ ಮಾಡಲಾಗುವುದಿಲ್ಲ. ಆದರೆ ನಿಮ್ಮ ಕೊನೆಯ ಷರತ್ತು ನಮಗೆ ಸಂಪೂರ್ಣ ಒಪ್ಪಿಗೆ."

ಯಾವ ಷರತ್ತಪ್ಪಾ ಎಂದು ಗಾಬರಿಯಿಂದ ನಾನು ಕಳಿಸಿದ್ದ ಮೇಲ್ ತೆಗೆದು ನೋಡಿದೆ. ಕೆಳಗಿನ ಸಾಲನ್ನು ಅಳಿಸುವುದು ಮರೆತಿದ್ದೆ. 'ಮಾಲಿನಲ್ಲಿ ದೋಷ ಕಂಡುಬಂದರೆ ಕಳಿಸಿದವರ ಖರ್ಚಿನಲ್ಲೇ ವಾಪಸ್ ಕಳಿಸಲಾಗುವುದು.'

ಗೋಲು

ವರ್ಲ್ಡ್ ಕಪ್ ಶುರುವಾಯಿತು. ಹೆಂಡತಿಯ ತಮ್ಮ ಮೂವರು ಸ್ನೇಹಿತರೊಂದಿಗೆ ಬೆಂಗಳೂರಿನಿಂದ ಬಂದು ನಮ್ಮ ಹಾಲಿನಲ್ಲಿ ಹಾಸಿಗೆ ಹಾಸಿದ. ಆ ವಾರವೇ ಒಂದು ಕಾಲೇಜಿನವರು ಮಗಳಿಗೆ ಲ್ಯಾಪ್‌ಟಾಪಿನಲ್ಲಿ ಇಂಟರ್‌ವ್ಯೂ ಇಟ್ಟರು. ಮಧ್ಯಾಹ್ನದ ಮ್ಯಾಚಿನ ಹೊತ್ತಿಗೇ.

"ಟಿವಿಗೆ ಸೌಂಡ್ ಇಡಲ್ಲ ಭಾವ, ಉಸಿರೂ ಬಿಡಲ್ಲ," ಎಂದು ನಾಲ್ವರೂ ಮಾತು ಕೊಟ್ಟರು. ಮಗಳು ರೂಮಿನಲ್ಲಿ ಕೂತಳು. ನಾನು ಬಾಗಿಲ ಹೊರಗೆ ನಿಂತು ಗೊತ್ತಿದ್ದ ದೇವರನ್ನೆಲ್ಲ ಕರೆದೆ.

ಆ ಕಡೆಯಿಂದ ಹಿರಿಯ ಪ್ರೊಫೆಸರೊಬ್ಬರ ಗಂಭೀರ ದನಿ: "ಆರ್ಕಿಟೆಕ್ಚರೇ ಯಾಕಮ್ಮ?"

ಮಗಳು ನಿಧಾನವಾಗಿ ಶುರುಮಾಡಿದಳು. "ಸರ್, ಮರಳು ಬಿಟ್ಟರೆ ಏನೂ ಇಲ್ಲದ ಕಡೆ ಸ್ಟೇಡಿಯಂ ಏಳುವುದನ್ನು ಸ್ಕೂಲ್ ಬಸ್ಸಿನ ಕಿಟಕಿಯಿಂದ ನೋಡುತ್ತಾ ಬೆಳೆದೆ. ನನಗೂ ಕಟ್ಟಬೇಕು ಅನ್ನಿಸಿತು..."

"ಗೋ...ಲ್!"

ನಾಲ್ಕು ಗಂಡಸರು ಒಟ್ಟಿಗೆ ಕೂಗಿದರು. ಏನೋ ಬಿದ್ದು ಒಡೆಯಿತು. ನಾನು ಅಲ್ಲೇ ನೆಲದ ಮೇಲೆ ಕೂತೆ. ಖಲಾಸ್, ಈ ಕಾಲೇಜೂ ಹೋಯಿತು ಎಂದುಕೊಂಡೆ.

ಲ್ಯಾಪ್‌ಟಾಪಿನಿಂದ ಪ್ರೊಫೆಸರ್ ದನಿ ತಗ್ಗಿಸಿ ಕೇಳಿದರು: "ಯಾರಮ್ಮ ಹೊಡೆದದ್ದು?"

ಆ ಕಾಲೇಜಿನಲ್ಲೇ ಸೀಟು ಸಿಕ್ಕಿತು. ಸಂತೋಷಕ್ಕೆ ಮಗಳು ಅತ್ತಳು, ಅವಳಮ್ಮ ಅತ್ತಳು. ಭಾವಮೈದ ಮಾತ್ರ ಇವತ್ತಿಗೂ ಎದೆ ತಟ್ಟಿಕೊಂಡು ಹೇಳುತ್ತಾನೆ: "ನಾವು ಕೂಗದೇ ಇದ್ದಿದ್ರೆ ಸಿಗ್ತಿತ್ತಾ ಭಾವ?"

ಬಾಗಿಲು ಹಾಕಿ

ಸೀಟು ಸಿಕ್ಕಿತು, ಮೊದಲ ಕಂತು ಕಟ್ಟಬೇಕು. ವರ್ಲ್ಡ್ ಕಪ್ ನೆಪದಲ್ಲಿ ಮನೆ ಮಾಲೀಕರು ಏರಿಸಿದ ಬಾಡಿಗೆ ಇಳಿದಿರಲಿಲ್ಲ. ಉಳಿದದ್ದು ಒಂದೇ ದಾರಿ, ಕಂಪನಿಯಲ್ಲಿ ಸಂಬಳದ ಅಡ್ವಾನ್ಸ್ ಕೇಳುವುದು.

ನಮ್ಮ ಫೈನಾನ್ಸ್ ಮ್ಯಾನೇಜರ್ ತ್ರಿಶೂರಿನವರು. ಏನು ಕೇಳಿದರೂ ತಲೆ ಎತ್ತದೆ "ಮಾಫಿ" ಅನ್ನುವವರು, ಅರಬ್ಬಿಯಲ್ಲಿ ಹಾಗೆಂದರೆ ಇಲ್ಲ. ಹಾಗಾಗಿ ಮನೆಯಲ್ಲೇ ತಾಲೀಮು ಮಾಡಿದೆ. ಹೆಂಡತಿ ಮ್ಯಾನೇಜರ್ ಆದಳು. ಮೂರು ಸಲ ಕೇಳಿದೆ, ಮೂರು ಸಲವೂ ಅವಳೇ ಇಲ್ಲವೆಂದಳು.

ಮರುದಿನ ಅವರ ರೂಮಿಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅವರು, "ಒಳ್ಳೆಯದಾಯಿತು ಬಂದದ್ದು, ನಾನೇ ಕರೆಯಬೇಕೆಂದಿದ್ದೆ. ಬಾಗಿಲು ಹಾಕಿ," ಎಂದರು.

ಬಾಗಿಲು ಹಾಕಿ ಕುರ್ಚಿಯ ತುದಿಯಲ್ಲಿ ಕೂತೆ. ವರ್ಲ್ಡ್ ಕಪ್ ಮುಗಿದು ಕೆಲಸಗಳು ಕಡಿಮೆಯಾಗುತ್ತಿದ್ದ ಕಾಲ. ಬಾಗಿಲು ಹಾಕಿಸಿಕೊಂಡವರು ಒಬ್ಬೊಬ್ಬರಾಗಿ ಊರಿಗೆ ಟಿಕೆಟ್ ಮಾಡಿಸಿದ್ದರು.

"ನಿಮ್ಮ ಮಗಳದೂ ಈ ವರ್ಷವೇ ಅಲ್ಲವಾ?" ಅಂದರು. "ನನ್ನದು ಅವಳಿ ಮಕ್ಕಳು. ಇಬ್ಬರಿಗೂ ಸೀಟು ಸಿಕ್ಕಿದೆ. ಎರಡೂ ಮೆಡಿಕಲ್. ನೀವು ಆಫೀಸಿನಲ್ಲಿ ಎಷ್ಟು ನಿಶ್ಚಿಂತೆಯಿಂದ ಓಡಾಡುತ್ತೀರಿ, ನೋಡುತ್ತಲೇ ಇದ್ದೇನೆ. ಹೇಗೆ ಹೊಂದಿಸಿದಿರಿ, ಸ್ವಲ್ಪ ಹೇಳಿ."

"ಸರ್," ಅಂದೆ, "ನಾನು ಬಂದದ್ದೇ ಅಡ್ವಾನ್ಸ್ ಕೇಳಲಿಕ್ಕೆ."

ಅವರಿಗೆ ಎಂಥ ನಗು ಬಂತೆಂದರೆ, ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಆ ಮನುಷ್ಯ ನಕ್ಕದ್ದನ್ನು ಕಂಪನಿಯಲ್ಲಿ ಅದುವರೆಗೆ ಕಂಡವರಿಲ್ಲ.

"ನೀವೂ ಅಡ್ವಾನ್ಸ್ ತೆಗೆದುಕೊಳ್ಳಬಹುದಲ್ಲ ಸರ್?" ಎಂದು ಕೇಳಿದೆ.

"ನಿಮ್ಮದಕ್ಕೆ ನಾನು ಸಹಿ ಹಾಕಿದರೆ ಸಾಕು. ನನ್ನದಕ್ಕೆ ಕಂಪನಿ ಮಾಲೀಕರೇ ಹಾಕಬೇಕು," ಎಂದು ದನಿ ತಗ್ಗಿಸಿದರು. "ಅವರ ಹತ್ತಿರ ಕೇಳಲಿಕ್ಕೆ ನನಗೆ ಹೆದರಿಕೆ."

ಮಾಫಿ ಎನ್ನದೆ ನನ್ನ ಅರ್ಜಿಗೆ ಸಹಿ ಹಾಕಿದರು. ಕೈಮುಗಿದು ಎದ್ದೆ. ಬಾಗಿಲ ಹಿಡಿಗೆ ಕೈ ಹಾಕಿದ್ದೇ ಹಿಂದಿನಿಂದ ಮೆಲ್ಲಗೆ ಕೆಮ್ಮಿದರು.

"ದುಡ್ಡು ಅಕೌಂಟಿಗೆ ಬಂದ ತಕ್ಷಣ ಕಾಲೇಜಿಗೆ ಕಟ್ಟಿಬಿಡಬೇಡಿ. ಮೊದಲು ನನಗೊಂದು ಫೋನು ಮಾಡಿ. ಒಂದು ತಿಂಗಳ ಮಟ್ಟಿಗೆ, ಅರ್ಧ ನನಗೆ ಕೊಡಲಿಕ್ಕಾಗುತ್ತದಾ?"